ಆನ್ಸೆಲ್ಮ್ ಪಾಯೆನ್

ಆನ್ಸೆಲ್ಮ್ ಪಾಯೆನ್ (1795–1871) ಫ್ರಾನ್ಸಿನ ರಸಾಯನವಿಜ್ಞಾನಿ ಹಾಗೂ ಕೈಗಾರಿಕೋದ್ಯಮಿ. ಸಸ್ಯಗಳ ಕೋಶಭಿತ್ತಿಯ ಮುಖ್ಯ ಘಟಕವಾದ ಸೆಲ್ಯುಲೋಸನ್ನು ಬೇರ್ಪಡಿಸಿ, ಅದು ನಿರ್ದಿಷ್ಟ ಸಂಯೋಜನೆಯುಳ್ಳ ಒಂದೇ ಪದಾರ್ಥವೆಂದು 1838ರಲ್ಲಿ ತೋರಿಸಿಕೊಟ್ಟವನು. ಅದಕ್ಕೂ ಐದು ವರ್ಷ ಮೊದಲು ಝಾಂ-ಫ್ರಾನ್ಸ್ವಾ ಪೆರ್ಸೊ ಎಂಬ ರಸಾಯನವಿಜ್ಞಾನಿಯೊಡಗೂಡಿ ಡಯಾಸ್ಟೇಸನ್ನು ಬೇರ್ಪಡಿಸಿದ್ದ. ಜೀವಿಗಳಿಂದ ಹೊರತೆಗೆದ ಮೊತ್ತಮೊದಲ ಕಿಣ್ವವೆಂದು ಇದನ್ನು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಮರದಿಂದ ಕಾಗದ ತಯಾರಿಸುವ ಉದ್ಯಮದ ರಾಸಾಯನಿಕ ತಳಹದಿ ಪಾಯೆನ್‌ನ ಕೆಲಸದಲ್ಲಿದೆ. ಕಾಗದದ ಗುಣ ಹೆಚ್ಚಿಸಲು ಇಂದು ಬಳಸುತ್ತಿರುವ ನ್ಯಾನೊಸೆಲ್ಯುಲೋಸ್ ಲೇಪನಗಳಲ್ಲಿ ಆತನ ಎರಡು ಶೋಧಗಳೂ, ಅಂದರೆ ಸೆಲ್ಯುಲೋಸ್ ಮತ್ತು ಕಿಣ್ವ, ಒಟ್ಟಿಗೆ ಕೆಲಸಮಾಡುತ್ತವೆ.

ಬಾಲ್ಯ ಮತ್ತು ಶಿಕ್ಷಣ

ಪಾಯೆನ್ 1795ರ ಜನವರಿಯಲ್ಲಿ ಪ್ಯಾರಿಸಿನಲ್ಲಿ ಜನಿಸಿದ. ತಂದೆ ಕಾನೂನಿನ ವೃತ್ತಿಯಲ್ಲಿದ್ದು, ಕ್ರಾಂತಿಯ ಕಾಲದಲ್ಲಿ ರಾಸಾಯನಿಕ ತಯಾರಿಕೆಯ ಕಡೆಗೆ ತಿರುಗಿ, ಪ್ಯಾರಿಸಿನ ಅಂಚಿನ ಗ್ರನೆಲ್ ಎಂಬಲ್ಲಿ ನವಸಾಗರ ಮೊದಲಾದವುಗಳ ಕಾರ್ಖಾನೆ ನಡೆಸುತ್ತಿದ್ದವನು. ಮಗನಿಗೆ ವಿಜ್ಞಾನದ ಮೊದಲ ಪಾಠಗಳು ದೊರೆತದ್ದು ತಂದೆಯಿಂದಲೇ. ಮುಂದೆ ಲೂಯಿ ನಿಕೊಲಾ ವೋಕ್ಲೆನ್ ಮತ್ತು ಮಿಶೆಲ್ ಯೂಜೀನ್ ಶೆವ್ರಲ್ ಎಂಬ ಇಬ್ಬರು ಪ್ರಸಿದ್ಧ ರಸಾಯನವಿಜ್ಞಾನಿಗಳ ಬಳಿ ಕಲಿತ. ಶೆವ್ರಲ್ ಕೊಬ್ಬುಗಳನ್ನು ಒಂದೊಂದೇ ಘಟಕವಾಗಿ ಬಿಡಿಸಿ ತೋರಿಸಿದವನು. ಜೀವಮೂಲದ ವಸ್ತುವೊಂದನ್ನು ಹಾಗೆಯೇ ಒಪ್ಪಿಕೊಳ್ಳದೆ, ಅದರಲ್ಲಿ ಎಷ್ಟು ಪದಾರ್ಥಗಳು ಬೆರೆತಿವೆ ಎಂದು ವಿಚಾರಿಸುವ ಕ್ರಮ ಪಾಯೆನ್‌ನ ಮುಂದಿನ ಕೆಲಸದಲ್ಲೆಲ್ಲ ಕಾಣುತ್ತದೆ.

ಕಾರ್ಖಾನೆಯ ವರ್ಷಗಳು

ಇಪ್ಪತ್ತರ ಆಸುಪಾಸಿನಲ್ಲೇ ಪಾಯೆನ್ ಬಿಳಿಗಾರವನ್ನು ಶುದ್ಧಿಮಾಡುವ ಕಾರ್ಖಾನೆಯೊಂದರ ಹೊಣೆ ಹೊತ್ತ. ಲೋಹ ಬೆಸೆಯುವವರಿಗೂ ಗಾಜು ತಯಾರಿಸುವವರಿಗೂ ಬೇಕಾದ ಬಿಳಿಗಾರ ಆಗ ಟಿಬೆಟ್ಟಿನ ಸರೋವರಗಳಿಂದ ಭಾರತದ ಮಾರ್ಗವಾಗಿ ಯೂರೋಪಿಗೆ ಬರುತ್ತಿತ್ತು. ಅದನ್ನು ಶುದ್ಧಿಮಾಡಿ ಮಾರುವ ವ್ಯಾಪಾರ ಡಚ್ಚರ ಹಿಡಿತದಲ್ಲಿತ್ತು. ಇಟಲಿಯ ಟಸ್ಕನಿ ಪ್ರಾಂತ್ಯದ ಬಿಸಿ ಬುಗ್ಗೆಗಳಲ್ಲಿ ಬೋರಿಕ್ ಆಮ್ಲ ದೊರೆಯುತ್ತಿದ್ದುದನ್ನು ಗಮನಿಸಿದ ಪಾಯೆನ್, ಆ ಆಮ್ಲವನ್ನು ಸೋಡಾದೊಡನೆ ಸೇರಿಸಿ ಬಿಳಿಗಾರ ತಯಾರಿಸುವ ಕ್ರಮವನ್ನು ರೂಢಿಗೆ ತಂದ. ಆತನ ಸರಕಿನ ಬೆಲೆ ಚಾಲ್ತಿಯ ಬೆಲೆಯ ಮೂರನೆಯ ಒಂದು ಭಾಗದಷ್ಟಿತ್ತು. ಡಚ್ಚರ ಏಕಸ್ವಾಮ್ಯ ಮುರಿಯಿತು.

1820ರಲ್ಲಿ ತಂದೆ ತೀರಿಕೊಂಡ ಬಳಿಕ ಕುಟುಂಬದ ಉದ್ಯಮಗಳೆಲ್ಲ ಪಾಯೆನ್‌ನ ಪಾಲಿಗೆ ಬಂದವು. ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಕೆಲಸ ಇವುಗಳಲ್ಲಿ ಮುಖ್ಯವಾದುದು. ಸಕ್ಕರೆಯ ಪಾಕದಲ್ಲಿ ಉಳಿಯುವ ಕಂದು ಬಣ್ಣವನ್ನು ಮೂಳೆ ಇದ್ದಿಲಿನಿಂದ ಹೋಗಲಾಡಿಸುವ ವಿಧಾನ ಆಗಲೇ ತಿಳಿದಿತ್ತು. ಆದರೆ ಇದ್ದಿಲು ಹೇಗೆ ಕೆಲಸಮಾಡುತ್ತದೆ, ಒಂದು ಬಗೆಯ ಇದ್ದಿಲು ಬಣ್ಣ ಹೀರಿದರೆ ಮತ್ತೊಂದು ಏಕೆ ಹೀರುವುದಿಲ್ಲ ಎಂಬುದು ಸ್ಪಷ್ಟವಿರಲಿಲ್ಲ. 1822ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪಾಯೆನ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ. ಬಣ್ಣ ಹೀರುವ ಶಕ್ತಿ ಇಂಗಾಲದ್ದೇ, ಆದರೆ ಆ ಇಂಗಾಲ ಎಷ್ಟು ಸೂಕ್ಷ್ಮವಾಗಿ ಬಿಡಿಬಿಡಿಯಾಗಿ ಹರಡಿಕೊಂಡಿದೆ ಎಂಬುದರ ಮೇಲೆ ಅದು ನಿಂತಿದೆ ಎಂಬುದು ಅಲ್ಲಿನ ತೀರ್ಮಾನ. ಒಂದೇ ಪದಾರ್ಥ, ಅದರ ಕಣಗಳ ಜೋಡಣೆ ಬೇರೆಯಾದರೆ, ಬೇರೆಯಾಗಿ ವರ್ತಿಸಬಲ್ಲದು ಎಂಬ ಈ ತಿಳಿವು ಮೂವತ್ತೇಳು ವರ್ಷಗಳ ನಂತರ, ಸೆಲ್ಯುಲೋಸ್ ಕುರಿತ ವಾದದಲ್ಲಿ, ಪಾಯೆನ್‌ನ ಮುಖ್ಯ ಆಯುಧವಾಯಿತು. ಬಣ್ಣ ಹೀರುವ ಶಕ್ತಿಯನ್ನು ಅಳೆಯುವ ಉಪಕರಣವೊಂದನ್ನೂ ಆತ ರೂಪಿಸಿದ. ಇದ್ದಿಲಿನ ಹೀರುವ ಗುಣವನ್ನು ಮುಂದೆ ಯುದ್ಧಕಾಲದ ಅನಿಲ ಮುಖವಾಡಗಳಲ್ಲಿಯೂ ಬಳಸಿಕೊಳ್ಳಲಾಯಿತು.

ಡಯಾಸ್ಟೇಸ್

ಪಿಷ್ಟವನ್ನು ಸಕ್ಕರೆಯಾಗಿಸುವ ಗುಣ ಮೊಳಕೆಯೊಡೆದ ಧಾನ್ಯಕ್ಕಿದೆ ಎಂಬುದು ಮದ್ಯ ತಯಾರಕರಿಗೆ ಪ್ರಾಚೀನ ಕಾಲದಿಂದಲೂ ಅನುಭವದಿಂದ ಗೊತ್ತಿದ್ದ ಸಂಗತಿ. ಆ ಗುಣ ಧಾನ್ಯದ ಯಾವ ಭಾಗಕ್ಕೆ ಸೇರಿದ್ದು ಎಂಬುದನ್ನು 1833ರಲ್ಲಿ ಪಾಯೆನ್ ಮತ್ತು ಪೆರ್ಸೊ ಹುಡುಕಿ ತೆಗೆದರು. ಮೊಳಕೆ ಬರಿಸಿದ ಬಾರ್ಲಿಯನ್ನು ನೀರಿನಲ್ಲಿ ಕಲಸಿ, ಸೋಸಿ, ತಿಳಿಯನ್ನು ಬಿಸಿಮಾಡಿ ಕೆಲವು ಕಲ್ಮಶಗಳನ್ನು ಹೆಪ್ಪುಗಟ್ಟಿಸಿ ತೆಗೆದು, ಉಳಿದ ದ್ರವಕ್ಕೆ ಮದ್ಯಸಾರ ಬೆರೆಸಿದಾಗ ಬಿಳಿಯ ಪದಾರ್ಥವೊಂದು ತಳಕ್ಕೆ ಇಳಿಯಿತು. ಅದರ ಒಂದು ಪಾಲು ಎರಡು ಸಾವಿರ ಪಾಲು ಪಿಷ್ಟವನ್ನು ಕರಗಿಸಬಲ್ಲದೆಂದು ಅವರು ಅಳೆದು ಹೇಳಿದರು. ಕುದಿಸಿದರೆ ಅದರ ಶಕ್ತಿ ನಾಶವಾಗುತ್ತಿತ್ತು.

ಗ್ರೀಕ್ ಭಾಷೆಯಲ್ಲಿ ಬೇರ್ಪಡುವಿಕೆ ಎಂಬ ಅರ್ಥವಿರುವ ಮಾತಿನಿಂದ ಇದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಪಿಷ್ಟದ ಕಾಳಿನ ಹೊರಪೊರೆಯನ್ನು ಒಳಗಿನ ಸತ್ವದಿಂದ ಇದು ಬೇರ್ಪಡಿಸುತ್ತದೆ ಎಂಬುದು ಅವರ ಕಲ್ಪನೆ. ಆ ಕಲ್ಪನೆ ಸರಿಯಲ್ಲವೆಂದು ಮುಂದೆ ತಿಳಿಯಿತು. ಡಯಾಸ್ಟೇಸ್ ಪಿಷ್ಟದ ಅಣುಗಳನ್ನೇ ತುಂಡರಿಸುತ್ತದೆ. ಮಾತ್ರವಲ್ಲ, ಅದು ಒಂದೇ ಕಿಣ್ವವಲ್ಲ, ಕಿಣ್ವಗಳ ಮಿಶ್ರಣ. ಹೆಸರಿನ ಕೊನೆಯ ಅಕ್ಷರಗಳು ಮಾತ್ರ ಶಾಶ್ವತವಾಗಿ ಉಳಿದವು. ಅಮೈಲೇಸ್, ಲೈಪೇಸ್, ಸೆಲ್ಯುಲೇಸ್ ಎಂದು ಹೆಚ್ಚಿನ ಕಿಣ್ವಗಳ ಹೆಸರುಗಳು ಏಸ್ ಎಂಬ ಪ್ರತ್ಯಯದಿಂದ ಮುಗಿಯುವುದು ಡಯಾಸ್ಟೇಸಿನ ಮಾದರಿಯಲ್ಲಿ.

ಪಿಷ್ಟದಿಂದ ದೊರೆಯುವ ಅಂಟಿನ ಗುಣದ ಡೆಕ್ಸ್‌ಟ್ರಿನ್ ಎಂಬ ಪದಾರ್ಥದ ಬಗೆಗೂ ಪಾಯೆನ್ ವಿಸ್ತಾರವಾಗಿ ಕೆಲಸಮಾಡಿದ. ಬಟ್ಟೆಯ ಮೇಲೆ ಅಚ್ಚು ಹಾಕುವವರಿಗೂ ಅಂಟು ತಯಾರಿಸುವವರಿಗೂ ಅದು ಅಗ್ಗದ ಸಾಮಗ್ರಿಯಾಯಿತು. ಇಂದಿನ ಕಾಗದ ಕಾರ್ಖಾನೆಗಳಲ್ಲಿ ಬರೆಯುವ ಕಾಗದದ ಮೇಲ್ಮೈಗೆ ಪಿಷ್ಟದ ಗಂಜಿ ಸವರುವ ಮೊದಲು, ಅದು ಹದವಾಗಿ ಹರಿಯುವಂತೆ ಅಮೈಲೇಸಿನಿಂದ ತೆಳುಗೊಳಿಸುವುದುಂಟು. ಪಾಯೆನ್ ಮತ್ತು ಪೆರ್ಸೊ ಪ್ರಯೋಗಾಲಯದಲ್ಲಿ ನೋಡಿದ ಕ್ರಿಯೆಯೇ ಅಲ್ಲಿ ದೊಡ್ಡ ತೊಟ್ಟಿಗಳಲ್ಲಿ ನಡೆಯುತ್ತದೆ.

ಸೆಲ್ಯುಲೋಸ್

ಮರವೆಂಬುದು ರಾಸಾಯನಿಕವಾಗಿ ಏನು ಎಂಬ ಪ್ರಶ್ನೆಗೆ ಪಾಯೆನ್‌ಗಿಂತ ಮೊದಲು ಒಂದು ಉತ್ತರವಿತ್ತು. ಗೇ-ಲುಸಾಕ್ ಮತ್ತು ಥೆನಾರ್ 1811ರಲ್ಲಿ ಓಕ್ ಹಾಗೂ ಬೀಚ್ ಮರಗಳನ್ನು ವಿಶ್ಲೇಷಿಸಿ, ಅವುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಇಂಗಾಲವೂ, ಉಳಿದಂತೆ ನೀರಿನ ಪ್ರಮಾಣದಲ್ಲಿಯೇ ಜಲಜನಕ ಮತ್ತು ಆಮ್ಲಜನಕಗಳೂ ಇವೆ ಎಂದು ಹೇಳಿದ್ದರು. ಮರದ ಪದಾರ್ಥವನ್ನು ಒಂದೇ ವಸ್ತುವೆಂದು ಎಣಿಸುವುದು ವಾಡಿಕೆಯಾಗಿತ್ತು.

ಪಾಯೆನ್ ಆರಂಭಿಸಿದ್ದು ಬಲಿತ ಮರದಿಂದಲ್ಲ. ಹೂವಿನ ಎಳೆಯ ಅಂಡಕಗಳು, ಬೇರಿನ ತುದಿಗಳು, ಹತ್ತಿಯ ಎಳೆ ಮೊದಲಾದ ಹೊಸದಾಗಿ ರೂಪುಗೊಂಡ ಅಥವಾ ಸಹಜವಾಗಿಯೇ ಶುದ್ಧವಾದ ಅಂಗಾಂಶಗಳನ್ನು ಆತ ಆರಿಸಿಕೊಂಡ. ಇವುಗಳಲ್ಲಿ ಇಂಗಾಲ ಸುಮಾರು 44 ಪ್ರತಿಶತವಷ್ಟೇ ಇತ್ತು. ಜಲಜನಕ ಸುಮಾರು 6 ಪ್ರತಿಶತ, ಉಳಿದದ್ದು ಆಮ್ಲಜನಕ. ಇದು ಪಿಷ್ಟದ ಪ್ರಮಾಣಗಳೇ ಆಗಿದ್ದವು. ಹಾಗಾದರೆ ಬಲಿತ ಮರದಲ್ಲಿ ಕಾಣುವ ಹೆಚ್ಚಿನ ಇಂಗಾಲ ಎಲ್ಲಿಂದ ಬಂತು? ಅದಕ್ಕಾಗಿ ಮರದ ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ನೆನೆಸಿ, ಕ್ಷಾರದಲ್ಲಿ ತೊಳೆದು, ನೀರಿನಲ್ಲಿಯೂ ಮದ್ಯಸಾರದಲ್ಲಿಯೂ ಮತ್ತೆ ಮತ್ತೆ ತೊಳೆದ. ಇಂಗಾಲ ಹೆಚ್ಚಾಗಿರುವ ಭಾಗ ಕರಗಿಹೋಗಿ ಬಿಳಿಯ ನಾರು ಉಳಿಯಿತು. ಅದರ ವಿಶ್ಲೇಷಣೆ ಹತ್ತಿಯದರಂತೆಯೇ ಬಂತು.

ತೀರ್ಮಾನ ಸರಳವಾಗಿತ್ತು. ಗಿಡ ಯಾವುದೇ ಇರಲಿ, ಕೋಶಭಿತ್ತಿಯ ಮೂಲದ್ರವ್ಯ ಒಂದೇ. ಗಿಡ ಬಲಿತಂತೆ ಅದರ ಮೇಲೆಯೂ ಅದರೊಳಗೂ ಬೇರೆ ಪದಾರ್ಥಗಳು ಕಟ್ಟಿಕೊಳ್ಳುತ್ತವೆ. ಮರವನ್ನು ಮರವಾಗಿ ಗಟ್ಟಿಗೊಳಿಸುವ ಈ ಪದಾರ್ಥಗಳನ್ನು ಪಾಯೆನ್ ಮೈಗಟ್ಟಿದ ದ್ರವ್ಯ ಎಂಬರ್ಥದ ಹೆಸರಿನಿಂದ ಗುರುತಿಸಿದ. ಇಂದು ಅದರ ಮುಖ್ಯಭಾಗಕ್ಕೆ ಲಿಗ್ನಿನ್ ಎಂಬ ಹೆಸರಿದೆ. 1838ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಬಂದ ಈ ಪ್ರಬಂಧವನ್ನು ಬ್ರೋನಿಯಾರ್, ಪೆಲೂಜ್ ಮತ್ತು ದ್ಯೂಮಾ ಇವರಿದ್ದ ಸಮಿತಿ ಪರಿಶೀಲಿಸಿತು. 1839ರ ಆರಂಭದಲ್ಲಿ ಬಂದ ಸಮಿತಿಯ ವರದಿಯಲ್ಲಿ ಸೆಲ್ಯುಲೋಸ್ ಎಂಬ ಪದ ಕಾಣಿಸಿಕೊಂಡಿತು. ಕೋಶದ ಪದಾರ್ಥ ಎಂಬ ಅರ್ಥದಲ್ಲಿ ರೂಪುಗೊಂಡ ಹೆಸರದು.

1845ರಲ್ಲಿ ಕಾರ್ಲ್ ಸ್ಮಿಟ್ ಎಂಬ ವಿಜ್ಞಾನಿ ಸಮುದ್ರವಾಸಿಗಳಾದ ಕೆಲವು ಕಂಚುಕ ಪ್ರಾಣಿಗಳ ಹೊರಕವಚದಲ್ಲಿಯೂ ಇದೇ ಪದಾರ್ಥ ಇರುವುದನ್ನು ಕಂಡುಹಿಡಿದಾಗ, ಸೆಲ್ಯುಲೋಸ್ ಗಿಡಗಳಿಗೆ ಮಾತ್ರ ಸೇರಿದ್ದೆಂಬ ನಂಬಿಕೆ ಸಡಿಲಿತು. ಪದಾರ್ಥ ಒಂದೇ ಎಂಬ ಪಾಯೆನ್‌ನ ಮಾತಿಗೆ ಇದರಿಂದ ಬಲವೇ ಬಂತು.

ಫ್ರೆಮಿಯೊಡನೆ ವಾದ

ಸೆಲ್ಯುಲೋಸ್ ಒಂದೇ ಎಂಬ ಮಾತನ್ನು ಎಲ್ಲರೂ ಒಪ್ಪಲಿಲ್ಲ. 1857ರಲ್ಲಿ ಸ್ವಿಟ್ಜರ್ಲೆಂಡಿನ ಮತ್ತಿಯಾಸ್ ಎಡ್ವರ್ಡ್ ಶ್ವೈಟ್ಸರ್, ತಾಮ್ರದ ಹೈಡ್ರಾಕ್ಸೈಡನ್ನು ಅಮೋನಿಯದಲ್ಲಿ ಕರಗಿಸಿದ ಕಡುನೀಲಿ ದ್ರಾವಣ ಹತ್ತಿಯನ್ನು ಕರಗಿಸುತ್ತದೆ ಎಂದು ತೋರಿಸಿದ. ಸೆಲ್ಯುಲೋಸನ್ನು ಕರಗಿಸುವ ದ್ರವವೊಂದು ಮೊದಲಬಾರಿಗೆ ಸಿಕ್ಕಿತ್ತು. ಪಾಯೆನ್‌ನ ಸಮಕಾಲೀನನಾದ ಎಡ್ಮಂಡ್ ಫ್ರೆಮಿ ಇದನ್ನು ನಾನಾ ಗಿಡಗಳ ಅಂಗಾಂಶಗಳ ಮೇಲೆ ಪ್ರಯೋಗಿಸಿದಾಗ ಕೆಲವು ಕೂಡಲೇ ಕರಗಿದವು, ಕೆಲವು ಕರಗಲಿಲ್ಲ, ಕೆಲವು ಆಮ್ಲದಲ್ಲಿ ನೆನೆಸಿದ ಮೇಲಷ್ಟೇ ಕರಗಿದವು. ಸೆಲ್ಯುಲೋಸ್ ಒಂದಲ್ಲ, ಹಲವು ಎಂದು ಫ್ರೆಮಿ ವಾದಿಸಿ, ಒಂದೊಂದಕ್ಕೆ ಒಂದೊಂದು ಹೆಸರು ಕೊಟ್ಟ.

1859ರಲ್ಲಿ ಅಕಾಡೆಮಿಯ ಪ್ರಕಟಣೆಗಳಲ್ಲಿ ಈ ವಾದ ನಡೆಯಿತು. ಆಗ ಪಾಯೆನ್ ಅರವತ್ತನ್ನು ದಾಟಿದ್ದ. ಇಪ್ಪತ್ತು ವರ್ಷಗಳ ಹಿಂದೆ ಕಟ್ಟಿದ ಹೆಸರು ಪಣಕ್ಕೆ ಬಿದ್ದಿತ್ತು. ಪಾಯೆನ್ ಕೊಟ್ಟ ಉತ್ತರವೆಂದರೆ, ಅಂಗಾಂಶಗಳ ವರ್ತನೆ ಬೇರೆಬೇರೆಯಾಗಿರುವುದಕ್ಕೆ ಎರಡು ಕಾರಣಗಳಿವೆ. ಒಂದು, ಮೈಗಟ್ಟಿದ ಇತರ ದ್ರವ್ಯಗಳು. ಎರಡು, ಸೆಲ್ಯುಲೋಸಿನ ಕಣಗಳು ಎಷ್ಟು ಬಿಗಿಯಾಗಿ ಒಂದಕ್ಕೊಂದು ಕೂಡಿಕೊಂಡಿವೆ ಎಂಬುದು. ಆಮ್ಲ ಮೈಗಟ್ಟನ್ನು ಕಿತ್ತು ಬಿಗಿತವನ್ನು ಸಡಿಲಿಸುತ್ತದೆಯೇ ಹೊರತು ಒಂದು ಪದಾರ್ಥವನ್ನು ಇನ್ನೊಂದಾಗಿ ಮಾರ್ಪಡಿಸುವುದಿಲ್ಲ.

ಕಾಲ ಪಾಯೆನ್‌ನ ಪಕ್ಷವನ್ನು ಎತ್ತಿಹಿಡಿಯಿತು. ಫ್ರೆಮಿಯ ಹೆಸರುಗಳು ಬಳಕೆಯಿಂದ ಮರೆಯಾದವು. ಹಾಗೆಂದು ಫ್ರೆಮಿ ಪೂರ್ತಿ ತಪ್ಪಿದ್ದನೆಂದು ಹೇಳುವುದು ನ್ಯಾಯವಲ್ಲ. ಕೋಶಭಿತ್ತಿಯಲ್ಲಿ ಸೆಲ್ಯುಲೋಸಿನ ಜೊತೆಗೆ ಪೆಕ್ಟಿನ್, ಹೆಮಿಸೆಲ್ಯುಲೋಸ್ ಮೊದಲಾದ ಇತರ ಶರ್ಕರಮೂಲದ ಪದಾರ್ಥಗಳಿವೆ ಎಂಬುದು ಇಂದು ಸ್ಥಾಪಿತವಾದ ಸಂಗತಿ, ಮತ್ತು ಪಾಯೆನ್‌ನ ಸರಳ ಚಿತ್ರದಲ್ಲಿ ಅವಕ್ಕೆ ತಕ್ಕ ಸ್ಥಾನವಿರಲಿಲ್ಲ. ಸೆಲ್ಯುಲೋಸ್ ಅಣು ಗ್ಲೂಕೋಸ್ ಘಟಕಗಳ ಉದ್ದನೆಯ ಸರಪಳಿ ಎಂಬುದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ, ಹರ್ಮನ್ ಸ್ಟೌಡಿಂಗರ್ ಮೊದಲಾದವರಿಂದ. ಪಿಷ್ಟಕ್ಕೂ ಸೆಲ್ಯುಲೋಸಿಗೂ ಒಂದೇ ಸಂಯೋಜನೆಯಿದ್ದು ಗುಣಗಳು ಬೇರೆಯಾಗಲು ಕಾರಣ ಗ್ಲೂಕೋಸ್ ಕೊಂಡಿಗಳು ಬೆಸೆದುಕೊಂಡಿರುವ ರೀತಿ.

ಅಧ್ಯಾಪನ ಮತ್ತು ಇತರ ಕೆಲಸಗಳು

1835ರ ಹೊತ್ತಿಗೆ ಪಾಯೆನ್ ಉದ್ಯಮದಿಂದ ಅಧ್ಯಾಪನಕ್ಕೆ ಸರಿದು ಪ್ಯಾರಿಸಿನ ಎಕೋಲ್ ಸಾಂತ್ರಾಲ್‌ನಲ್ಲಿ ಪ್ರಾಧ್ಯಾಪಕನಾದ. ನಾಲ್ಕು ವರ್ಷಗಳ ಬಳಿಕ ಕಲೆ ಮತ್ತು ಕೈಗಾರಿಕೆಗಳ ರಾಷ್ಟ್ರೀಯ ಸಂಸ್ಥೆಯಲ್ಲಿಯೂ ಅನ್ವಯ ರಸಾಯನವಿಜ್ಞಾನದ ಪೀಠ ದೊರೆಯಿತು. 1842ರಲ್ಲಿ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ. ಕೃಷಿ ಸಂಘದ ಶಾಶ್ವತ ಕಾರ್ಯದರ್ಶಿಯಾಗಿಯೂ ಸೇವೆ ಸಲ್ಲಿಸಿದ.

ಝಾಂ-ಬಾಪ್ಟಿಸ್ಟ್ ಬೂಸಿಂಗೊ ಜೊತೆಗೂಡಿ 1840ರ ದಶಕದ ಆರಂಭದಲ್ಲಿ ಗೊಬ್ಬರಗಳನ್ನು ಅವುಗಳಲ್ಲಿರುವ ಸಾರಜನಕದ ಪ್ರಮಾಣದಿಂದ ಹೋಲಿಸಿ ಪಟ್ಟಿಮಾಡಿದ್ದು ಇನ್ನೊಂದು ಗಮನಾರ್ಹ ಕೆಲಸ. ಆಲೂಗೆಡ್ಡೆ, ಹಾಪ್ಸ್, ಗಟಪರ್ಚ ಮೊದಲಾದವುಗಳ ಕುರಿತೂ ಪ್ರಬಂಧಗಳಿವೆ. ಕೈಗಾರಿಕಾ ರಸಾಯನವಿಜ್ಞಾನದ ಉಪನ್ಯಾಸಗಳನ್ನು ಆಧರಿಸಿ 1849ರಲ್ಲಿ ಹೊರಬಂದ ಪಠ್ಯಗ್ರಂಥ ಹಲವು ಆವೃತ್ತಿಗಳನ್ನು ಕಂಡು, ಇಂಗ್ಲಿಷಿಗೂ ಅನುವಾದಗೊಂಡಿತು. ಆಹಾರಪದಾರ್ಥಗಳ ಕುರಿತ ಪುಸ್ತಕವೂ ಜನಪ್ರಿಯವಾಗಿತ್ತು.

ಕಾಗದ ಉದ್ಯಮದ ಮೇಲೆ ಪರಿಣಾಮ

ಪಾಯೆನ್ ಹುಟ್ಟಿದ ಕಾಲದಲ್ಲಿ ಯೂರೋಪಿನ ಕಾಗದ ಹಳೆಯ ಬಟ್ಟೆಯ ಚಿಂದಿಯಿಂದ ತಯಾರಾಗುತ್ತಿತ್ತು. 1799ರಲ್ಲಿ ಫ್ರಾನ್ಸಿನ ನಿಕೊಲಾ-ಲೂಯಿ ರೊಬೇರ್ ಕಾಗದ ತಯಾರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದ ಮೇಲೆ ಬೇಡಿಕೆ ಏರಿತು, ಚಿಂದಿ ಸಾಲದಾಯಿತು. ಮರದಿಂದ ಕಾಗದ ಸಾಧ್ಯವೆಂದು ಹಲವರು ಊಹಿಸಿದ್ದರು. 1840ರ ದಶಕದಲ್ಲಿ ಜರ್ಮನಿಯ ಫ್ರೀಡ್ರಿಶ್ ಗಾಟ್ಲೋಬ್ ಕೆಲ್ಲರ್ ಮರವನ್ನು ಕಲ್ಲಿಗೆ ಉಜ್ಜಿ ತಿರುಳು ತೆಗೆದ. ಅದರಲ್ಲಿ ಲಿಗ್ನಿನ್ ಹಾಗೆಯೇ ಉಳಿಯುತ್ತಿದ್ದುದರಿಂದ ಕಾಗದ ಬೇಗ ಹಳದಿಯಾಗುತ್ತಿತ್ತು.

ಒಳ್ಳೆಯ ಕಾಗದಕ್ಕೆ ಪಾಯೆನ್ ತೋರಿದ ದಾರಿಯೇ ಬೇಕಾಯಿತು, ಅಂದರೆ ಮೈಗಟ್ಟಿದ ದ್ರವ್ಯವನ್ನು ಕರಗಿಸಿ ಸೆಲ್ಯುಲೋಸನ್ನು ಉಳಿಸಿಕೊಳ್ಳುವುದು. ಆತ ಬಳಸಿದ ನೈಟ್ರಿಕ್ ಆಮ್ಲ ಕಾರ್ಖಾನೆಗೆ ದುಬಾರಿ. 1850ರ ದಶಕದಲ್ಲಿ ಕಾಸ್ಟಿಕ್ ಸೋಡಾ, 1860ರ ದಶಕದಲ್ಲಿ ಸಲ್ಫೈಟ್, 1879ರಲ್ಲಿ ಕಾರ್ಲ್ ಡಾಲ್ ರೂಪಿಸಿದ ಸಲ್ಫೇಟ್ ವಿಧಾನ ಎಂದು ಅಡುಗೆಯ ಕ್ರಮಗಳು ಬದಲಾದವು. ತತ್ತ್ವ ಬದಲಾಗಲಿಲ್ಲ. ಭದ್ರಾವತಿ ಮತ್ತು ದಾಂಡೇಲಿಯ ಕಾರ್ಖಾನೆಗಳಲ್ಲಿ ಬಿದಿರನ್ನು ಬೇಯಿಸಿ ತಿರುಳು ಮಾಡಿದ್ದೂ ಇದೇ ತತ್ತ್ವದ ಮೇಲೆ.

ಕಾಗದಕ್ಕೆ ನಾರು ಮಾತ್ರ ಸಾಲದು. ನಾರುಗಳ ನಡುವಿನ ಸಂದುಗಳಲ್ಲಿ ಶಾಯಿ ಹರಡುತ್ತದೆ, ಎಣ್ಣೆ ಇಳಿಯುತ್ತದೆ, ಗಾಳಿ ನುಸುಳುತ್ತದೆ. ಹಿಂದೆ ಇದಕ್ಕೆ ಗಂಜಿ ಅಥವಾ ಪ್ರಾಣಿಮೂಲದ ಅಂಟು ಸವರುತ್ತಿದ್ದರು. 1807ರಲ್ಲಿ ಮೊರಿಟ್ಸ್ ಫ್ರೀಡ್ರಿಶ್ ಇಲ್ಲಿಗ್ ಎಂಬ ಜರ್ಮನ್ ಕುಶಲಕರ್ಮಿ ರಾಳ ಮತ್ತು ಪಟಿಕವನ್ನು ತಿರುಳಿಗೇ ಬೆರೆಸುವ ಕ್ರಮವನ್ನು ಪ್ರಕಟಿಸಿದ. ಯಂತ್ರಗಳಿಗೆ ಅದು ಹೊಂದಿಕೊಂಡಿತು, ಆದರೆ ಪಟಿಕದಿಂದ ಉಂಟಾಗುವ ಆಮ್ಲೀಯತೆ ವರ್ಷಗಳು ಕಳೆದಂತೆ ಸೆಲ್ಯುಲೋಸ್ ಸರಪಳಿಗಳನ್ನು ಕಡಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಪುಸ್ತಕಗಳ ಹಾಳೆಗಳು ಮುಟ್ಟಿದರೆ ಮುರಿಯುವುದು ಬಹುಮಟ್ಟಿಗೆ ಇದರಿಂದ. ಪಾಯೆನ್‌ನ ಕಾಲದ ಮುದ್ರಿತ ಕೃತಿಗಳೂ ಈ ಅಪಾಯದ ಹೊರಗಿಲ್ಲ.

ನ್ಯಾನೊಸೆಲ್ಯುಲೋಸ್ ಲೇಪನಗಳು

ಫ್ರೆಮಿಯೊಡನೆ ನಡೆದ ವಾದದಲ್ಲಿ ಪಾಯೆನ್ ಒತ್ತಿ ಹೇಳಿದ ಕಣಗಳ ಬಿಗಿತದ ವಿಚಾರಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಹೊಸ ಅರ್ಥ ಬಂತು. ಮರದ ಒಂದು ನಾರು ಕಣ್ಣಿಗೆ ಒಂದೇ ಎಳೆಯಾಗಿ ಕಂಡರೂ, ಅದು ಅತಿ ಸಣ್ಣ ಎಳೆಗಳ ಕಟ್ಟು. ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ ಒಂದು ನ್ಯಾನೊಮೀಟರ್. ಮರದಲ್ಲಿನ ಮೂಲ ಎಳೆಯ ಅಗಲ ಇಂತಹ ಮೂರು ನಾಲ್ಕು ನ್ಯಾನೊಮೀಟರ್ ಮಾತ್ರ. ಈ ಕಟ್ಟನ್ನು ಬಿಡಿಸಿದಾಗ ಸಿಗುವುದೇ ನ್ಯಾನೊಸೆಲ್ಯುಲೋಸ್. ಸಂಯೋಜನೆಯಲ್ಲಿ ಅದು ಪಾಯೆನ್ ವಿಶ್ಲೇಷಿಸಿದ ಅದೇ ಪದಾರ್ಥ. ಬಿಗಿತ ಕಳಚಿದೆ, ಅಷ್ಟೆ.

ಬಿಡಿಸುವ ಬಗೆಗಳು ಎರಡು. ಗಂಧಕಾಮ್ಲದಿಂದ ಎಳೆಗಳ ದುರ್ಬಲ ಭಾಗಗಳನ್ನು ಕೊರೆದು ಸಣ್ಣ ಹರಳುಗಳನ್ನು ಪಡೆಯುವ ಕ್ರಮವನ್ನು ಸ್ವೀಡನ್ನಿನ ಬೆಂಗ್ಟ್ ರೋನ್‌ಬಿ 1950ರ ಆಸುಪಾಸಿನಲ್ಲಿ ತೋರಿಸಿದ. ಉದ್ದನೆಯ ಎಳೆಗಳನ್ನು ಪಡೆಯುವ ಕ್ರಮವನ್ನು ಅಮೆರಿಕದ ಐಟಿಟಿ ರೆಯೋನಿಯರ್ ಸಂಸ್ಥೆಯ ಆಲ್ಬಿನ್ ಟರ್ಬಾಕ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಹಾಲಿನ ಕೊಬ್ಬನ್ನು ಸಮವಾಗಿ ಹರಡಲು ಡೈರಿಗಳಲ್ಲಿ ಬಳಸುವ ಯಂತ್ರದಂಥದರಲ್ಲಿ ಅವರು ತಿರುಳನ್ನು ಭಾರಿ ಒತ್ತಡದಿಂದ ಇರುಕಾದ ಕಂಡಿಯ ಮೂಲಕ ಮತ್ತೆ ಮತ್ತೆ ಹಾಯಿಸಿದರು. ತಿರುಳು ಲೋಳೆಯಾಯಿತು.

ಈ ಕ್ರಮಕ್ಕೆ ಬೇಕಾದ ವಿದ್ಯುತ್ತು ವಿಪರೀತ. ಒಂದು ಟನ್ನಿಗೆ 25,000 ಕಿಲೋವ್ಯಾಟ್ ಗಂಟೆಯನ್ನು ಮೀರಿದ ವರದಿಗಳಿವೆ. ಹೀಗಾಗಿ ಎರಡು ದಶಕಗಳವರೆಗೆ ಅದು ಹೆಚ್ಚು ಮುಂದುವರಿಯಲಿಲ್ಲ. ಪರಿಹಾರ ದೊರೆತದ್ದು ತಿರುಳನ್ನು ಮೊದಲೇ ಹದಗೊಳಿಸುವುದರಲ್ಲಿ. ಜಪಾನಿನ ಅಕಿರ ಇಸೊಗಾಯ್, ತ್ಸುಗುಯುಕಿ ಸೈಟೊ ಮತ್ತು ಯೋಶಿಹಾರು ನಿಶಿಯಾಮ ರಾಸಾಯನಿಕ ಉತ್ಕರ್ಷಣದಿಂದ ಎಳೆಗಳ ಮೈಗೆ ಋಣ ವಿದ್ಯುದಂಶ ಕೊಟ್ಟು ಒಂದನ್ನೊಂದು ದೂಡುವಂತೆ ಮಾಡಿದರು. ಇದಕ್ಕಾಗಿ 2015ರ ಮಾರ್ಕುಸ್ ವಾಲೆನ್‌ಬರ್ಗ್ ಪ್ರಶಸ್ತಿ ಅವರಿಗೆ ಸಂದಿತು. ಇನ್ನೊಂದು ದಾರಿ ಸೆಲ್ಯುಲೇಸ್ ಎಂಬ ಕಿಣ್ವವನ್ನು ಮಿತವಾಗಿ ಬಳಸಿ ಕಟ್ಟಿನ ಬಂಧಗಳನ್ನು ಸಡಿಲಿಸುವುದು. ಡಯಾಸ್ಟೇಸಿನ ಮಾದರಿಯಲ್ಲಿ ಹೆಸರು ಪಡೆದ ಕಿಣ್ವವೊಂದು ಪಾಯೆನ್‌ನದೇ ಸೆಲ್ಯುಲೋಸಿನ ಮೇಲೆ ಕೆಲಸಮಾಡುವುದು ಇಲ್ಲಿ.

ಈ ಲೋಳೆಯನ್ನು ಕಾಗದದ ಮೇಲೆ ತೆಳುವಾಗಿ ಸವರಿ ಒಣಗಿಸಿದರೆ, ಎಳೆಗಳು ಜಲಜನಕ ಬಂಧಗಳಿಂದ ಒಂದಕ್ಕೊಂದು ಹೆಣೆದುಕೊಂಡು ಸಂದುಗಳನ್ನು ಮುಚ್ಚುವ ಪೊರೆಯಾಗುತ್ತವೆ. ಚದರ ಮೀಟರಿಗೆ ಕೆಲವೇ ಗ್ರಾಮುಗಳ ಲೇಪನದಿಂದ ಕಾಗದದೊಳಗೆ ಗಾಳಿ ಹಾಯುವುದು ಬಹಳಷ್ಟು ತಗ್ಗುತ್ತದೆ. ಎಣ್ಣೆ, ಜಿಡ್ಡು ಇಳಿಯುವುದಿಲ್ಲ. ಒಣಹವೆಯಲ್ಲಿ ಆಮ್ಲಜನಕವನ್ನು ತಡೆಯುವುದರಲ್ಲಿ ಈ ಪೊರೆ ಹಲವು ಪ್ಲಾಸ್ಟಿಕ್‌ಗಳಿಗಿಂತ ಮೇಲು. ಲೇಪನವೂ ಕಾಗದವೂ ಒಂದೇ ಪದಾರ್ಥವಾದ್ದರಿಂದ, ಪ್ಲಾಸ್ಟಿಕ್ ಪೊರೆ ಅಂಟಿಸಿದ ಕಾಗದದಂತೆ ಮರುಬಳಕೆಯ ಸಮಯದಲ್ಲಿ ಬೇರ್ಪಡಿಸುವ ತೊಡಕಿಲ್ಲ. ತಿಂಡಿ ಕಟ್ಟುವ ಕಾಗದ, ಪೊಟ್ಟಣ, ರಟ್ಟಿನ ಪೆಟ್ಟಿಗೆಗಳ ತಯಾರಕರಿಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ಈ ಕಾರಣಕ್ಕೆ.

ತೊಡಕುಗಳು ಬೇರೆ ಇವೆ. ಎರಡು ಪ್ರತಿಶತ ನ್ಯಾನೊಸೆಲ್ಯುಲೋಸ್ ಇರುವ ದ್ರವವೇ ಲೋಳೆಯಷ್ಟು ಮಂದವಾಗಿರುತ್ತದೆ. ಒಂದು ಗ್ರಾಮ್ ಸೆಲ್ಯುಲೋಸ್ ಸವರಬೇಕಾದರೆ ಅದರೊಡನೆ 49 ಗ್ರಾಮ್ ನೀರನ್ನೂ ಕಾಗದದ ಮೇಲೆ ಹಾಕಿ, ಆಮೇಲೆ ಒಣಗಿಸಬೇಕು. ಕಾಗದ ನೆನೆದು ಸುರುಳಿಯಾಗುತ್ತದೆ, ಇಂಧನ ವ್ಯಯವಾಗುತ್ತದೆ. ಕಾಗದ ಯಂತ್ರದ ಮೇಲೆ ಇನ್ನೂ ಹಸಿಯಾಗಿರುವಾಗಲೇ ಲೇಪಿಸಿ ನೀರು ಕೆಳಗೆ ಬಸಿದುಹೋಗುವಂತೆ ಮಾಡುವುದು, ನೊರೆಯ ರೂಪದಲ್ಲಿ ಹಚ್ಚುವುದು ಮೊದಲಾದ ಉಪಾಯಗಳು ಪ್ರಯೋಗದಲ್ಲಿವೆ. ಎರಡನೆಯ ತೊಡಕು ಇನ್ನೂ ಮೂಲಭೂತವಾದುದು. ಸೆಲ್ಯುಲೋಸಿಗೆ ನೀರೆಂದರೆ ಒಲವು. ಹವೆಯಲ್ಲಿ ತೇವ ಹೆಚ್ಚಿದಂತೆ ಪೊರೆ ಉಬ್ಬಿ, ಆಮ್ಲಜನಕವನ್ನು ತಡೆಯುವ ಗುಣ ಕುಗ್ಗುತ್ತದೆ. ನೀರಾವಿಯನ್ನಂತೂ ಅದು ಚೆನ್ನಾಗಿ ತಡೆಯುವುದೇ ಇಲ್ಲ. ಜೇಡಿಯ ಹಲ್ಲೆಗಳನ್ನು ಬೆರೆಸುವುದು, ಮೇಲೊಂದು ಮೇಣದ ಪದರ ಕೊಡುವುದು, ಎಳೆಗಳ ಮೈಯನ್ನು ರಾಸಾಯನಿಕವಾಗಿ ಮಾರ್ಪಡಿಸುವುದು ಇವು ಭಾಗಶಃ ಪರಿಹಾರಗಳು.

ಹಳೆಯ ದಾಖಲೆಗಳ ಸಂರಕ್ಷಣೆಯಲ್ಲಿಯೂ ಈ ಲೇಪನವನ್ನು ಪರೀಕ್ಷಿಸಲಾಗಿದೆ. ಪಾರದರ್ಶಕವಾದ ತೆಳುಪೊರೆ ಅಕ್ಷರಗಳನ್ನು ಮರೆಮಾಡದೆ ಹರಿದ ಹಾಳೆಗೆ ಆಧಾರ ಕೊಡುತ್ತದೆ. ಆದರೆ ಆಮ್ಲದಿಂದ ಕಡಿದುಹೋದ ಸರಪಳಿಗಳನ್ನು ಅದು ಮತ್ತೆ ಬೆಸೆಯಲಾರದು. ಮೊದಲು ಆಮ್ಲವನ್ನು ತಟಸ್ಥಗೊಳಿಸುವ ಕೆಲಸ ಆಗಲೇಬೇಕು.

ಕೊನೆಯ ದಿನಗಳು

1870ರ ಸೆಪ್ಟೆಂಬರಿನಲ್ಲಿ ಪ್ರಷ್ಯದ ಸೇನೆ ಪ್ಯಾರಿಸನ್ನು ಮುತ್ತಿತು. ಪಾಯೆನ್‌ಗೆ ಆಗ ಎಪ್ಪತ್ತೈದು ವರ್ಷ. ನಗರವನ್ನು ಬಿಟ್ಟು ಹೋಗದೆ ಅಲ್ಲಿಯೇ ಉಳಿದ. ಮುತ್ತಿಗೆ 1871ರ ಜನವರಿಯಲ್ಲಿ ಕೊನೆಗೊಂಡಿತು. ಎರಡು ತಿಂಗಳೊಳಗೆ ಪ್ಯಾರಿಸ್ ಕಮ್ಯೂನಿನ ಆಡಳಿತ ಆರಂಭವಾಯಿತು. ಆ ಗೊಂದಲದ ನಡುವೆ, ಸರ್ಕಾರಿ ಪಡೆಗಳು ನಗರದೊಳಕ್ಕೆ ನುಗ್ಗುವುದಕ್ಕೆ ಕೆಲವೇ ದಿನಗಳ ಮೊದಲು, 1871ರ ಮೇ ತಿಂಗಳಲ್ಲಿ ಪಾಯೆನ್ ಪ್ಯಾರಿಸಿನಲ್ಲಿ ನಿಧನ ಹೊಂದಿದ.

ಸ್ಮರಣೆ

ಪ್ಯಾರಿಸಿನ ಹದಿನೈದನೆಯ ವಿಭಾಗದಲ್ಲಿ ಪಾಯೆನ್ ಹೆಸರಿನ ಬೀದಿಯಿದೆ. ಅಮೆರಿಕನ್ ಕೆಮಿಕಲ್ ಸೊಸೈಟಿಯ ಸೆಲ್ಯುಲೋಸ್ ವಿಭಾಗ 1962ರಿಂದ ಆನ್ಸೆಲ್ಮ್ ಪಾಯೆನ್ ಪ್ರಶಸ್ತಿಯನ್ನು ನೀಡುತ್ತಿದೆ. ಸೆಲ್ಯುಲೋಸ್ ಮತ್ತು ಅದಕ್ಕೆ ಸಂಬಂಧಿಸಿದ ಪದಾರ್ಥಗಳ ವಿಜ್ಞಾನದಲ್ಲಿ ಈ ಪ್ರಶಸ್ತಿಗೆ ಉನ್ನತ ಸ್ಥಾನವಿದೆ. ನ್ಯಾನೊಸೆಲ್ಯುಲೋಸ್ ಹರಳುಗಳ ಅಧ್ಯಯನಕ್ಕೆ ಹೆಸರಾದ ಕೆನಡದ ಡೆರೆಕ್ ಗ್ರೇ ಇದನ್ನು ಪಡೆದವರಲ್ಲಿ ಒಬ್ಬರು.